ಸಂಬಳಕ್ಕೊಂದು ಬ್ಯಾಂಕು, ಸಂಸಾರಕ್ಕೊಂದು ಬ್ಯಾಂಕು

ಕೆಂಪೇಗೌಡ ರಸ್ತೆಯ ಆ ವೃತ್ತಕ್ಕೆ ಬೆಂಗಳೂರಿನವರು ಈಗಲೂ ಮೈಸೂರು ಬ್ಯಾಂಕ್ ಸರ್ಕಲ್ ಎಂದೇ ಹೇಳುತ್ತಾರೆ. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 1931ರಲ್ಲಿ ಮಂಗಳೂರಿನಲ್ಲಿ ಶುರುವಾದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಪಾಲಾಯಿತು. ಮರುವರ್ಷ ಅದೇ ದಿನ ಉಡುಪಿಯ ಎರಡೂ ಬ್ಯಾಂಕುಗಳ ಸರದಿ ಬಂತು. ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಮೂರೇ ವರ್ಷದಲ್ಲಿ ಕರ್ನಾಟಕದ ನಾಲ್ಕು ಬ್ಯಾಂಕುಗಳ ಬೋರ್ಡು ಇಳಿದುಹೋಯಿತು. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಕೆನರಾ ಬ್ಯಾಂಕು ಬೆಂಗಳೂರಿನ ಕೇಂದ್ರ ಕಚೇರಿಯೊಂದಿಗೆ ಉಳಿದಿದೆ. ಖಾಸಗಿಯವರಲ್ಲಿ 1924ರ ಕರ್ನಾಟಕ ಬ್ಯಾಂಕು ಮಂಗಳೂರಿನಲ್ಲೇ ಇದೆ.

ಹಿಂದಿನ ತಲೆಮಾರಿಗೆ ಬ್ಯಾಂಕು ಆರಿಸುವ ತಾಪತ್ರಯವೇ ಇರಲಿಲ್ಲ. ಅಪ್ಪನ ಖಾತೆ ಎಲ್ಲಿದೆಯೋ ಮಕ್ಕಳದ್ದೂ ಅಲ್ಲೇ. ಕರಾವಳಿಯಿಂದ ಬಂದು ಯಶವಂತಪುರದಲ್ಲಿ ಹೋಟೆಲ್ ಇಟ್ಟವರು ತಮ್ಮ ಕಡೆಯ ಬ್ಯಾಂಕು ಹುಡುಕಿಕೊಂಡು ಹೋಗುತ್ತಿದ್ದರು, ಸರ್ಕಾರಿ ನೌಕರರು ಮೈಸೂರು ಬ್ಯಾಂಕಿಗೆ. ಮ್ಯಾನೇಜರರ ಹೆಸರು ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಈಗ ಯಲಹಂಕ ಉಪನಗರದಲ್ಲಿ, ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಸಾಲುಸಾಲಾಗಿ ಬ್ಯಾಂಕುಗಳಿವೆ. ಆದರೂ ಆರಿಸುವವರು ಬೇರೆ ಯಾರೋ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಸಿಕ್ಕಿದರೆ ಕಂಪನಿಯ ಎಚ್‌ಆರ್ ಹೇಳಿದ ಬ್ಯಾಂಕು. ಕಾಲೇಜಿಗೆ ಸೇರಿದರೆ ಗೇಟಿನ ಹತ್ತಿರ ಮೇಜು ಹಾಕಿಕೊಂಡು ಕೂತವರ ಬ್ಯಾಂಕು. ಫ್ಲ್ಯಾಟ್ ಕೊಂಡರೆ ಸಾಲ ಕೊಟ್ಟವರ ಬ್ಯಾಂಕು. ಮೂವತ್ತೈದು ವರ್ಷ ದಾಟುವ ಹೊತ್ತಿಗೆ ಒಬ್ಬೊಬ್ಬರ ಹೆಸರಿನಲ್ಲಿ ನಾಲ್ಕೈದು ಖಾತೆ. ಅದರಲ್ಲಿ ಒಂದನ್ನೂ ಅವರು ಯೋಚಿಸಿ ತೆರೆದಿರುವುದಿಲ್ಲ.

ಈ ಲೇಖನದ ಮಾತು ಇಷ್ಟೇ. ಉತ್ತರ ಬೆಂಗಳೂರಿನ ಒಂದು ಸಾಮಾನ್ಯ ಕುಟುಂಬಕ್ಕೆ ಎರಡು ಉಳಿತಾಯ ಖಾತೆ ಬೇಕು, ಎರಡು ಬೇರೆ ಬೇರೆ ಬ್ಯಾಂಕಿನಲ್ಲಿ. ಒಂದು, ಸಂಬಳ ಬಂದು ಬೀಳುವ, ದಿನದ ಯುಪಿಐ ನಡೆಯುವ ಖಾತೆ. ಇದು ಯಾವ ಬ್ಯಾಂಕಿನದಾದರೂ ನಡೆದೀತು. ಇನ್ನೊಂದು, ಸಂಸಾರದ ದುಡ್ಡು ನಿಲ್ಲುವ ಖಾತೆ. ಅದನ್ನು ಮಾತ್ರ ಮನೆಗೆ ಹತ್ತಿರದ ಶಾಖೆಯನ್ನು ಕಣ್ಣಾರೆ ನೋಡಿ, ಅಲ್ಲಿನವರ ಹತ್ತಿರ ಬಾಯಿ ತುಂಬ ಮಾತಾಡಿ ಆರಿಸಬೇಕು.

ಮೊದಲು ಬಡ್ಡಿಯ ಆಸೆಯನ್ನು ಬದಿಗಿಡೋಣ. ಉಳಿತಾಯ ಖಾತೆಯ ಬಡ್ಡಿಯನ್ನು ಬ್ಯಾಂಕುಗಳೇ ನಿಗದಿ ಮಾಡಿಕೊಳ್ಳಲಿ ಎಂದು ರಿಸರ್ವ್ ಬ್ಯಾಂಕ್ 2011ರ ಅಕ್ಟೋಬರ್ 25ರಂದು ಬಿಟ್ಟುಕೊಟ್ಟಿತು. ಅಲ್ಲಿಯವರೆಗೆ ಎಲ್ಲ ಕಡೆ ಶೇ 4. ಅದಾದ ಮೇಲೆ ಕೆಲವು ಖಾಸಗಿ ಬ್ಯಾಂಕುಗಳು ಶೇ 6 ಎಂದು ಬೋರ್ಡು ಹಾಕಿದ್ದೂ ಉಂಟು. 2025ರ ಜೂನ್ ಹೊತ್ತಿಗೆ ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ, ಐಸಿಐಸಿಐ ಮೂರೂ ಶೇ 2.5ಕ್ಕೆ ಇಳಿದವು. ಅಂಚೆ ಕಚೇರಿಯ ಉಳಿತಾಯ ಖಾತೆ ಮಾತ್ರ ಶೇ 4ರಲ್ಲಿಯೇ ನಿಂತಿದೆ, 500 ರೂಪಾಯಿ ಇಟ್ಟರೆ ಸಾಕು. ಖಾತೆಯಲ್ಲಿ ವರ್ಷವಿಡೀ ಸರಾಸರಿ 50,000 ರೂಪಾಯಿ ಇಟ್ಟವರಿಗೆ ಶೇ 2.5ರಂತೆ ಸಿಗುವುದು 1,250 ರೂಪಾಯಿ, ಶೇ 3ರಂತೆ ಸಿಕ್ಕರೆ 1,500. ವ್ಯತ್ಯಾಸ 250. ಅದಕ್ಕಾಗಿ ಬ್ಯಾಂಕು ಬದಲಿಸಿದರೆ ಆ ಹೊಸ ಬ್ಯಾಂಕಿನ ಡೆಬಿಟ್ ಕಾರ್ಡ್ ಶುಲ್ಕವೇ ಅದನ್ನು ನುಂಗಿ ಹಾಕಬಹುದು. ಬಡ್ಡಿ ಬೇಕೆನ್ನುವವರು ನಿಶ್ಚಿತ ಠೇವಣಿಗೆ ಹೋಗಲಿ. ಉಳಿತಾಯ ಖಾತೆಯಿಂದ ಕೇಳಬೇಕಾದದ್ದು ಬೇರೆ.

ದುಡ್ಡು ಸೋರುವುದು ಶುಲ್ಕಗಳಲ್ಲಿ. ಗಂಗಾನಗರದಲ್ಲಿ ಹೊಲಿಗೆ ಕೆಲಸ ಮಾಡುವ ಪರಿಚಯದ ಹೆಣ್ಣುಮಗಳೊಬ್ಬರು ಒಮ್ಮೆ ತಮ್ಮ ಪಾಸ್‌ಬುಕ್ ತಂದು ಮುಂದಿಟ್ಟರು. ಸರತಿಯಲ್ಲಿ ನಿಂತು ಒಂದು ವರ್ಷದ್ದನ್ನು ಒಟ್ಟಿಗೆ ಎಂಟ್ರಿ ಹಾಕಿಸಿಕೊಂಡು ಬಂದಿದ್ದರು. "ಅಲ್ಲ ಮೇಡಂ, ಇದು ಯಾವ ದುಡ್ಡು ಕಟ್ಟಾಗಿರೋದು? ನಾನೇನೂ ತಗೊಂಡಿಲ್ವಲ್ಲ" ಎಂದು ಬೆರಳಿಟ್ಟು ತೋರಿಸಿದರು. ಮೂರು ತಿಂಗಳಿಗೊಮ್ಮೆ 17.70 ರೂಪಾಯಿ ಹೋಗಿತ್ತು. ಅದು ಎಸ್‌ಎಂಎಸ್ ಶುಲ್ಕ, 15 ರೂಪಾಯಿ ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ಕಡೆ 236 ರೂಪಾಯಿ. ಅದು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ 200, ಜೊತೆಗೆ ತೆರಿಗೆ. ಮೇ ಕೊನೆಯಲ್ಲಿ 436 ಮತ್ತು 20 ರೂಪಾಯಿ. ಇವೆರಡು ಕೇಂದ್ರ ಸರ್ಕಾರದ ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆಯ ಕಂತುಗಳು. ಎರಡು ಲಕ್ಷ ರೂಪಾಯಿಯ ಜೀವವಿಮೆ, ಎರಡು ಲಕ್ಷದ ಅಪಘಾತ ವಿಮೆ, ಇಷ್ಟು ಕಡಿಮೆಗೆ ಬೇರೆಲ್ಲೂ ಸಿಗುವುದಿಲ್ಲ. ಒಳ್ಳೆಯ ವಿಮೆಯೇ. ಆದರೆ ಖಾತೆ ತೆರೆಯುವ ದಿನ ಎಲ್ಲೆಲ್ಲಿ ಸಹಿ ಹಾಕಿಸಿಕೊಂಡರೋ, ಇಂಥದ್ದೊಂದು ವಿಮೆ ತಮ್ಮ ಹೆಸರಿನಲ್ಲಿದೆ ಎಂಬುದೇ ಆ ತಾಯಿಗೆ ಗೊತ್ತಿರಲಿಲ್ಲ. ಅವರಿಗೆ ಏನಾದರೂ ಆಗಿದ್ದರೆ ಮಕ್ಕಳು ಆ ಹಣ ಕೇಳುತ್ತಲೂ ಇರಲಿಲ್ಲ. ನನ್ನನ್ನು ಕಾಡಿದ್ದು ಹೋದ ದುಡ್ಡಿಗಿಂತ ಹೆಚ್ಚಾಗಿ ಇದು.

ಆದ್ದರಿಂದ ಖಾತೆ ತೆರೆಯುವ ಮೊದಲು ಸೇವಾ ಶುಲ್ಕಗಳ ಪಟ್ಟಿ ಕೇಳಿ. ಪ್ರತಿ ಬ್ಯಾಂಕಿನ ಜಾಲತಾಣದಲ್ಲಿಯೂ ಅದು ಇರಬೇಕು, ಶಾಖೆಯಲ್ಲೂ ಕೇಳಿದರೆ ತೋರಿಸಬೇಕು. ಕಾರ್ಡಿನಲ್ಲಿ ಎಲ್ಲಕ್ಕಿಂತ ಸಾಧಾರಣವಾದದ್ದನ್ನೇ ಕೇಳಿ ಪಡೆಯಿರಿ. ಪ್ಲಾಟಿನಂ ಕಾರ್ಡು ತಾನಾಗಿ ಬಂದರೆ ಅದರ ವಾರ್ಷಿಕ ಶುಲ್ಕವೂ ತಾನಾಗಿ ಬರುತ್ತದೆ. ಎಟಿಎಂ ಲೆಕ್ಕವೂ ಗೊತ್ತಿರಲಿ. ನಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ. ಬೆಂಗಳೂರು ಮೆಟ್ರೊ ನಗರಗಳ ಪಟ್ಟಿಯಲ್ಲಿರುವುದರಿಂದ ಬೇರೆ ಬ್ಯಾಂಕಿನ ಎಟಿಎಂನಲ್ಲಿ ಮೂರೇ ಸಲ. ಅದು ಮೀರಿದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು, ತೆರಿಗೆ ಬೇರೆ.

ಕನಿಷ್ಠ ಬ್ಯಾಲೆನ್ಸ್ ವಿಷಯದಲ್ಲಿ ಈಚೆಗೆ ದೊಡ್ಡ ಬದಲಾವಣೆಯಾಗಿದೆ. ಸ್ಟೇಟ್ ಬ್ಯಾಂಕು 2020ರ ಮಾರ್ಚ್‌ನಲ್ಲೇ ಉಳಿತಾಯ ಖಾತೆಗಳಿಗೆ ಅದನ್ನು ಕೈಬಿಟ್ಟಿತ್ತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಎಲ್ಲ ಬಗೆಯ ಉಳಿತಾಯ ಖಾತೆಗಳಿಗೂ ದಂಡ ಇಲ್ಲ ಎಂದಿತು. ಹಿಂದೆಯೇ ಪಂಜಾಬ್ ನ್ಯಾಷನಲ್ ಬ್ಯಾಂಕ್, ಇಂಡಿಯನ್ ಬ್ಯಾಂಕ್ ಮೊದಲಾದವು ಅದೇ ದಾರಿ ಹಿಡಿದವು. ಖಾಸಗಿ ಬ್ಯಾಂಕುಗಳ ದಿಕ್ಕು ಬೇರೆ. ಅದೇ ವರ್ಷದ ಆಗಸ್ಟ್‌ನಲ್ಲಿ ಐಸಿಐಸಿಐ ಬ್ಯಾಂಕು ನಗರಗಳ ಹೊಸ ಖಾತೆಗಳಿಗೆ ತಿಂಗಳ ಸರಾಸರಿ 50,000 ರೂಪಾಯಿ ಇರಬೇಕು ಎಂದು ಹೇಳಿ, ಜನ ಸಿಟ್ಟಾದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಸಿತು. ಎಷ್ಟು ನಿಗದಿ ಮಾಡಬೇಕೆಂಬುದು ಬ್ಯಾಂಕುಗಳಿಗೆ ಬಿಟ್ಟದ್ದು ಎಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಆಗ ಹೇಳಿದರು.

ತಿಂಗಳ ಸರಾಸರಿ ಎಂದರೆ ಪ್ರತಿದಿನವೂ ಅಷ್ಟು ಹಣ ಇರಬೇಕೆಂದಲ್ಲ. ದಿನದ ಕೊನೆಯ ಬ್ಯಾಲೆನ್ಸುಗಳನ್ನೆಲ್ಲ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಮೂವತ್ತು ದಿನದ ತಿಂಗಳಲ್ಲಿ ಹತ್ತು ದಿನ 30,000 ರೂಪಾಯಿ ಇದ್ದು ಉಳಿದ ದಿನ ಸೊನ್ನೆ ಇದ್ದರೂ ಸರಾಸರಿ 10,000 ಆಗುತ್ತದೆ. ಕಡಿಮೆ ಬಿದ್ದರೆ ಬ್ಯಾಂಕು ಮೊದಲು ತಿಳಿಸಬೇಕು, ಸರಿಪಡಿಸಿಕೊಳ್ಳಲು ಒಂದು ತಿಂಗಳು ಕೊಡಬೇಕು, ದಂಡವು ಕಡಿಮೆ ಬಿದ್ದ ಮೊತ್ತಕ್ಕೆ ತಕ್ಕಂತೆ ಇರಬೇಕು. ಈ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗಿಳಿಯುವಂತಿಲ್ಲ. 2015ರ ಏಪ್ರಿಲ್‌ನಿಂದ ಇದು ನಿಯಮ. "ನಿಮ್ಮ ಖಾತೆ ಮೈನಸ್‌ನಲ್ಲಿದೆ, ಮೊದಲು ದುಡ್ಡು ಕಟ್ಟಿ" ಎನ್ನುವವರಿಗೆ ಈ ನಿಯಮವನ್ನು ಧೈರ್ಯವಾಗಿ ಹೇಳಿ. ಕೈಯಲ್ಲಿ ದುಡ್ಡು ನಿಲ್ಲದವರಿಗೆ ಕನಿಷ್ಠ ಬ್ಯಾಲೆನ್ಸೇ ಬೇಡದ ಬೇಸಿಕ್ ಉಳಿತಾಯ ಖಾತೆಯನ್ನು ಖಾಸಗಿ ಬ್ಯಾಂಕುಗಳೂ ಕೊಡಬೇಕು, ಎಟಿಎಂ ಕಾರ್ಡು ಸಮೇತ. ಕೇಳದೆ ಅದನ್ನು ಯಾರೂ ಕೊಡುವುದಿಲ್ಲ. ಒಂದು ಷರತ್ತು, ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಕೂಡದು.

ಊರಿನಿಂದ ಬಂದು ಹೆಬ್ಬಾಳ, ಮತ್ತಿಕೆರೆಯ ಪಿಜಿಗಳಲ್ಲಿ ಇರುವ ಮಕ್ಕಳದು ಮತ್ತೊಂದು ಕಷ್ಟ. ಆಧಾರ್‌ನಲ್ಲಿ ರಾಯಚೂರಿನದೋ ಕಲಬುರಗಿಯದೋ ವಿಳಾಸ, ಇಲ್ಲಿ ಬಾಡಿಗೆ ಕರಾರು ಪತ್ರವೂ ಇಲ್ಲ. ಶಾಖೆಯಲ್ಲಿ "ಲೋಕಲ್ ಅಡ್ರೆಸ್ ಪ್ರೂಫ್ ತನ್ನಿ" ಎಂದು ಅಲೆಸುತ್ತಾರೆ. ಆಧಾರ್ ದೃಢೀಕರಣದಿಂದ ಖಾತೆ ತೆರೆಯುವವರು ಸದ್ಯದ ವಿಳಾಸ ಬೇರೆ ಇದ್ದರೆ ಸ್ವಯಂ ಘೋಷಣೆ ಬರೆದುಕೊಟ್ಟರೆ ಸಾಕು ಎಂದು ಕೆವೈಸಿ ನಿಯಮದಲ್ಲೇ ಇದೆ.

ಸಂಬಳದ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ಇಲ್ಲ, ಕಾರ್ಡು ಉಚಿತ, ಒಮ್ಮೊಮ್ಮೆ ಅಪಘಾತ ವಿಮೆಯೂ ಇರುತ್ತದೆ. ಈ ಸವಲತ್ತು ಸಂಬಳ ಬರುವವರೆಗೆ ಮಾತ್ರ. ಕೆಲಸ ಬಿಟ್ಟು ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಅದು ಮಾಮೂಲಿ ಖಾತೆಯಾಗಿ ಬದಲಾಗುತ್ತದೆ, ಆಗ ಕನಿಷ್ಠ ಬ್ಯಾಲೆನ್ಸ್ ಲೆಕ್ಕ ಶುರುವಾಗುತ್ತದೆ. ಮಾನ್ಯತಾದಿಂದ ವೈಟ್‌ಫೀಲ್ಡಿಗೆ, ಅಲ್ಲಿಂದ ಮತ್ತೆಲ್ಲಿಗೋ ಕೆಲಸ ಬದಲಿಸುವವರು ಹಿಂದೆ ಬಿಟ್ಟು ಹೋಗುವುದು ಇಂಥ ಖಾತೆಗಳನ್ನೇ. ಎರಡು ವರ್ಷ ವಹಿವಾಟು ಇಲ್ಲದಿದ್ದರೆ ಖಾತೆ ನಿಷ್ಕ್ರಿಯ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಹಾಗೆ ಹೋದದ್ದನ್ನು ಹುಡುಕಲು 2023ರಿಂದ ಉದ್ಗಮ್ ಎಂಬ ಜಾಲತಾಣವಿದೆ. ತೀರಿಕೊಂಡ ಅಪ್ಪ ಅಮ್ಮನ ಹೆಸರು ಹಾಕಿ ಒಮ್ಮೆ ನೋಡಿ.

ಸಂಸಾರದ ಖಾತೆಗೆ ಬರೋಣ. ಇದಕ್ಕೆ ಶಾಖೆಯೇ ಮುಖ್ಯ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಎಲ್ಲವೂ ಮೊಬೈಲಿನಲ್ಲೇ ಆಗುವಾಗ ಶಾಖೆ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಎಲ್ಲ ಸರಿಯಿರುವ ದಿನ ಯಾಕೂ ಬೇಡ. ಖಾತೆ ಫ್ರೀಜ್ ಆದ ದಿನ, ಸಹಿ ಹೊಂದದೆ ಚೆಕ್ ವಾಪಸಾದ ದಿನ, ಅಪ್ಪ ಆಸ್ಪತ್ರೆಯಲ್ಲಿದ್ದು ಪಿಂಚಣಿ ತೆಗೆಯಬೇಕಾದ ದಿನ, ಲಾಕರಿನ ಕೀ ಕಳೆದ ದಿನ, ಮನೆಯವರು ತೀರಿಕೊಂಡು ಕ್ಲೇಮ್ ಅರ್ಜಿ ಹಾಕಬೇಕಾದ ದಿನ, ಆ್ಯಪ್ ಯಾವ ಉತ್ತರವನ್ನೂ ಕೊಡುವುದಿಲ್ಲ. ಅವೆಲ್ಲ ಕೊನೆಗೆ ಬಂದು ನಿಲ್ಲುವುದು ಹೋಮ್ ಬ್ರಾಂಚಿನ ಮೇಜಿನ ಮುಂದೆ. ಆ ಮೇಜು ಹೆಬ್ಬಾಳದ ಮೇಲ್ಸೇತುವೆಯ ಆಚೆ ಇದ್ದರೆ ವಯಸ್ಸಾದವರಿಗೆ ಅರ್ಧ ದಿನ ಹೋದಂತೆಯೇ ಲೆಕ್ಕ.

ಶಾಖೆಯನ್ನು ನೋಡಲು ತಿಂಗಳ ಮೊದಲ ವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಪಿಂಚಣಿದಾರರೆಲ್ಲ ಬರುವ ಸಮಯ ಅದು. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆಯಿಂದ, ವಾಯುನೆಲೆಯಿಂದ ನಿವೃತ್ತರಾದವರು ಬಹಳ. ಅವರನ್ನು ಕೂರಿಸುತ್ತಾರೆಯೇ, ನಿಲ್ಲಿಸುತ್ತಾರೆಯೇ ನೋಡಿ. ಪಾಸ್‌ಬುಕ್ ಎಂಟ್ರಿ ಮಾಡುವ ಯಂತ್ರದ ಮುಂದೆ ಐದು ನಿಮಿಷ ನಿಲ್ಲಿ. ಅದರ ಮೇಲೆ ಕೆಟ್ಟಿದೆ ಎಂಬ ಚೀಟಿ ಹಳದಿಯಾಗುವಷ್ಟು ಕಾಲದಿಂದ ಅಂಟಿಕೊಂಡಿದ್ದರೆ ಆ ಶಾಖೆಯ ಉಳಿದ ಕೆಲಸವೂ ಹೇಗೆ ನಡೆಯುತ್ತದೆಂದು ಊಹಿಸಬಹುದು. ಎಪ್ಪತ್ತು ದಾಟಿದವರಿಗೂ ಅಂಗವಿಕಲರಿಗೂ ಹಣ, ಚೆಕ್‌ಬುಕ್, ಜೀವಿತ ಪ್ರಮಾಣಪತ್ರದ ಸೇವೆ ಮನೆ ಬಾಗಿಲಿಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. "ನಮ್ಮ ತಾಯಿಯವರಿಗೆ ಈ ಸೇವೆ ಸಿಗುತ್ತದೆಯೇ, ಎಷ್ಟು ಶುಲ್ಕ?" ಎಂದು ಕೇಳಿ. ಉತ್ತರ ತಡವರಿಸದೆ ಬಂದರೆ ಅದು ಒಳ್ಳೆಯ ಶಾಖೆ.

ಕನ್ನಡದಲ್ಲಿ ಕೇಳಿ. ಇದು ಅಭಿಮಾನದ ಮಾತಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇವೆ, ಯಾವ ವಿಮೆಗೆ ದುಡ್ಡು ಹೋಗುತ್ತದೆ ಎಂಬುದು ತಿಳಿಯದೆ ಖಾತೆದಾರ ತನ್ನ ಹಣ ಕಾಯ್ದುಕೊಳ್ಳುವುದು ಹೇಗೆ? ಆ ಹೊಲಿಗೆಯವರ ಪಾಸ್‌ಬುಕ್ಕಿನ ಕಥೆ ಹುಟ್ಟಿದ್ದೇ ಇಲ್ಲಿ. ಗ್ರಾಹಕರ ನಮೂನೆಗಳು ಇಂಗ್ಲಿಷ್, ಹಿಂದಿಯ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. 2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರೊಬ್ಬರು ಕನ್ನಡ ಮಾತಾಡುವುದಿಲ್ಲ ಎಂದ ವಿಡಿಯೊ ಹರಿದಾಡಿ, ಮುಖ್ಯಮಂತ್ರಿಗಳು ಖಂಡಿಸಿ, ಕೊನೆಗೆ ಅವರ ವರ್ಗಾವಣೆಯಾಯಿತು. ಎಲ್ಲ ಶಾಖೆಯೂ ಹಾಗಿಲ್ಲ. ಕೌಂಟರಿನಲ್ಲಿ ಕನ್ನಡದವರು ಒಬ್ಬರಾದರೂ ಇರುವ ಶಾಖೆ ಹುಡುಕಿದರೆ ಸಿಗುತ್ತದೆ. ಅಜ್ಜಿ ಒಬ್ಬರೇ ಹೋಗಿ ತಮ್ಮ ಕೆಲಸ ಮಾಡಿಕೊಂಡು ಬರುವಂತಿರಬೇಕು.

ಲಾಕರ್ ಬೇಕಿದ್ದವರಿಗೆ ಒಂದು ಮಾತು. "ವಿಮೆ ತಗೊಂಡರೆ ಲಾಕರ್ ಮಾಡಿಕೊಡುತ್ತೇವೆ" ಎನ್ನುವುದು ನಿಯಮದಲ್ಲಿಲ್ಲ. ಮೂರು ವರ್ಷದ ಬಾಡಿಗೆ ಮತ್ತು ಲಾಕರ್ ಒಡೆಯುವ ಖರ್ಚಿಗೆ ಸಾಕಾಗುವಷ್ಟು ಠೇವಣಿ ಕೇಳಬಹುದು, ಅಷ್ಟೇ. ಖಾಲಿ ಇಲ್ಲದಿದ್ದರೆ ಕಾಯುವವರ ಪಟ್ಟಿಯ ನಂಬರನ್ನು ಕೊಡಬೇಕು.

ಎರಡು ಖಾತೆ ಯಾಕೆ ಎಂಬುದಕ್ಕೆ ಈಗಿನ ದೊಡ್ಡ ಕಾರಣ ಸೈಬರ್ ವಂಚನೆ. ಎಲ್ಲೋ ಯಾರದೋ ಹಣ ಕದ್ದವನು ಅದರಲ್ಲಿ ಸ್ವಲ್ಪವನ್ನು ಯಶವಂತಪುರದ ಅಂಗಡಿಯೊಂದರಲ್ಲಿ ಯುಪಿಐ ಮಾಡಿ ಖರ್ಚು ಮಾಡಿದನೆನ್ನಿ. ತನಿಖೆ ಆ ಹಣದ ಜಾಡು ಹಿಡಿದು ಬಂದಾಗ ಪೊಲೀಸರ ಕೋರಿಕೆಯಂತೆ ಅಂಗಡಿಯವರ ಖಾತೆಗೂ ತಡೆ ಬೀಳುತ್ತದೆ. ಅವರ ತಪ್ಪು ಏನೂ ಇಲ್ಲ, ಆದರೂ ಬಿಡಿಸಿಕೊಳ್ಳಲು ದೂರದ ರಾಜ್ಯದ ಠಾಣೆಯವರೆಗೂ ಪತ್ರ ವ್ಯವಹಾರ. ಅದೇ ಖಾತೆಯಲ್ಲಿ ಮಗಳ ಕಾಲೇಜು ಫೀಸೂ ಇದ್ದರೆ ಗತಿ ಏನು? ದಿನವಹಿ ಯುಪಿಐ ನಡೆಯುವ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ. ಸಂಸಾರದ ಖಾತೆಯನ್ನು ಯಾವ ಯುಪಿಐ ಆ್ಯಪಿಗೂ ಜೋಡಿಸಬೇಡಿ.

ಒಂದು ಇಡೀ ಬ್ಯಾಂಕೇ ತಡವರಿಸಿದ ಉದಾಹರಣೆಗಳೂ ನಮ್ಮ ಕಣ್ಣೆದುರಿಗಿವೆ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕ್ ಗ್ರಾಹಕರಿಗೆ 50,000 ರೂಪಾಯಿ ಮಿತಿ ಹಾಕಿದರು, ಅದು ತೆರವಾದದ್ದು 18ರಂದು. ಪೇಟಿಎಂ ಪೇಮೆಂಟ್ಸ್ ಬ್ಯಾಂಕು 2024ರ ಮಾರ್ಚ್ 15ರ ನಂತರ ಹೊಸದಾಗಿ ಹಣ ಪಡೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ತಡೆದಾಗ, ವಿಮಾನ ನಿಲ್ದಾಣದ ದಾರಿಯ ಸಾದಹಳ್ಳಿ ಟೋಲಿನಲ್ಲಿ ದಿನಾ ಹೋಗಿಬರುವವರೂ ಫಾಸ್ಟ್ಯಾಗ್ ಬದಲಿಸಬೇಕಾಯಿತು. ಇಂಥ ಪೇಮೆಂಟ್ಸ್ ಬ್ಯಾಂಕುಗಳಲ್ಲಿ ಎರಡು ಲಕ್ಷ ರೂಪಾಯಿಗಿಂತ ಹೆಚ್ಚು ಇಡಲಿಕ್ಕೂ ಬರುವುದಿಲ್ಲ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿಗೂ ಅದೇ ಮಿತಿ. ಚಿಲ್ಲರೆ ಖರ್ಚಿಗೆ ಸರಿ, ಸಂಸಾರಕ್ಕೆ ಸಾಲದು.

ಬೆಂಗಳೂರಿನವರಿಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಒಬ್ಬ ಠೇವಣಿದಾರ ತೆಗೆಯಬಹುದಾಗಿದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟ ಹಿರಿಯರು ಬೀದಿಯಲ್ಲಿ ನಿಂತು ಅತ್ತರು. ಆ ದಿನ ಠೇವಣಿ ವಿಮೆ ಒಂದು ಲಕ್ಷ ರೂಪಾಯಿಗಷ್ಟೇ ಇತ್ತು. ಕೆಲವೇ ವಾರಗಳಲ್ಲಿ, ಫೆಬ್ರುವರಿ 4ರಿಂದ ಅದು ಐದು ಲಕ್ಷಕ್ಕೆ ಏರಿತು. ನಿರ್ಬಂಧ ಬಿದ್ದ 90 ದಿನದೊಳಗೆ ಆ ಹಣ ಕೈಸೇರಬೇಕು ಎಂದು 2021ರಲ್ಲಿ ಕಾನೂನು ತಿದ್ದುಪಡಿಯೂ ಆಯಿತು.

ಈ ಐದು ಲಕ್ಷದ ಲೆಕ್ಕ ಪ್ರತಿ ಮನೆಯಲ್ಲೂ ಗೊತ್ತಿರಬೇಕು. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿರುವ ಉಳಿತಾಯ, ಠೇವಣಿ, ಬಡ್ಡಿ ಎಲ್ಲ ಸೇರಿ ಐದು ಲಕ್ಷ. ಯಲಹಂಕದ ಶಾಖೆಯಲ್ಲೊಂದು, ಆರ್.ಟಿ. ನಗರದ ಶಾಖೆಯಲ್ಲೊಂದು ಇಟ್ಟರೆ ಹತ್ತಾಗುವುದಿಲ್ಲ. ಬ್ಯಾಂಕೇ ಬೇರೆಯಾದರೆ ಮಾತ್ರ ವಿಮೆಯೂ ಬೇರೆ. ಎರಡು ಬ್ಯಾಂಕು ಬೇಕೆನ್ನಲು ಇದೂ ಕಾರಣ. ಸರ್ಕಾರಿ, ಖಾಸಗಿ, ಗ್ರಾಮೀಣ, ಸಹಕಾರ ಬ್ಯಾಂಕುಗಳಿಗೂ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿರುವ ಉಜ್ಜೀವನ್, ಜನ ಮುಂತಾದ ಸ್ಮಾಲ್ ಫೈನಾನ್ಸ್ ಬ್ಯಾಂಕುಗಳಿಗೂ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಇಲ್ಲವೇ ಇಲ್ಲ. ನಮ್ಮ ಜನ ಎಡವುವುದು ಇಲ್ಲೇ. ಬೋರ್ಡು ನೋಡಿದರೆ ಬ್ಯಾಂಕಿನಂತೆಯೇ, ಒಳಗೆ ಕೌಂಟರು, ಪಾಸ್‌ಬುಕ್ಕು, ನಗುಮುಖದ ಸಿಬ್ಬಂದಿ, ಬಡ್ಡಿಯೂ ಹೆಚ್ಚು. ಪಿಗ್ಮಿ ಸಂಗ್ರಹಿಸುವವರು ಸಂಜೆ ಅಂಗಡಿ ಬಾಗಿಲಿಗೇ ಬರುತ್ತಾರೆ.

ಪಿಗ್ಮಿ ನಮ್ಮ ಕರಾವಳಿಯವರು ದೇಶಕ್ಕೆ ಕೊಟ್ಟ ಕೊಡುಗೆ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಸಂಗ್ರಹಿಸಲು ಶುರು ಮಾಡಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಬಡವರು ಅದರಿಂದ ಉಳಿಸುವುದನ್ನು ಕಲಿತರು. ಆ ಪದ್ಧತಿಯ ಮೇಲೆ ನನಗೆ ತುಂಬ ಗೌರವವಿದೆ. ಆ ಗೌರವದಿಂದಲೇ ಯಶವಂತಪುರ ಮಾರುಕಟ್ಟೆಯ ವ್ಯಾಪಾರಿಗಳಿಗೆ ಹೇಳುವುದು: ಪಿಗ್ಮಿ ಪುಸ್ತಕದ ಮೇಲೆ ಯಾವ ಸಂಸ್ಥೆಯ ಹೆಸರಿದೆ ಎಂದು ನೋಡಿಕೊಳ್ಳಿ. ಅದು ಬ್ಯಾಂಕೋ, ಸೊಸೈಟಿಯೋ ಎಂದು ಕೇಳಿ. ಠೇವಣಿ ವಿಮೆ ನಿಗಮದ ಜಾಲತಾಣದಲ್ಲಿ ವಿಮೆಯಿರುವ ಬ್ಯಾಂಕುಗಳ ಪಟ್ಟಿ ಇದೆ.

ವ್ಯಾಪಾರಿಗಳ ಮಾತು ಬಂದಿದ್ದಕ್ಕೆ ಇನ್ನೊಂದನ್ನೂ ಸೇರಿಸಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಎದ್ದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿ. ಆ ಸಲ ಅನೇಕರ ಸಂಕಟಕ್ಕೆ ಕಾರಣ, ಅಂಗಡಿಯ ಹಣ, ಅಣ್ಣ ಕಳಿಸಿದ ಸಾಲ, ಮನೆಯ ಚೀಟಿ ದುಡ್ಡು ಎಲ್ಲವೂ ಒಂದೇ ಉಳಿತಾಯ ಖಾತೆಯಲ್ಲಿ ಕಲಸಿಹೋಗಿದ್ದದ್ದು. ಅಂಗಡಿಗೆ ಬಡ್ಡಿ ಬಾರದ ಚಾಲ್ತಿ ಖಾತೆ ಬೇರೆ ಇರಲಿ. ಅದರ ಕ್ಯೂಆರ್ ಚೀಟಿಯನ್ನಷ್ಟೇ ಗಲ್ಲಾದ ಮೇಲೆ ಅಂಟಿಸಿ.

ಗೃಹಲಕ್ಷ್ಮಿಯ ಎರಡು ಸಾವಿರ ಪಡೆಯುವ ಮನೆಗಳಿಗೆ ಒಂದು ಎಚ್ಚರಿಕೆ. ನೇರ ವರ್ಗಾವಣೆಯ ಹಣ ಖಾತೆ ಸಂಖ್ಯೆ ನೋಡಿ ಹೋಗುವುದಿಲ್ಲ, ಕೊನೆಯದಾಗಿ ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಹೊಸ ಖಾತೆ ತೆರೆಯುವಾಗ ಅರ್ಜಿಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದರೆ ಸಾಕು, ಮುಂದಿನ ತಿಂಗಳ ಹಣ ಅಲ್ಲಿ ಬೀಳುತ್ತದೆ. ಇತ್ತ ಹಳೆಯ ಪಾಸ್‌ಬುಕ್ ಹಿಡಿದು "ಈ ತಿಂಗಳು ಬಂದಿಲ್ಲ" ಎಂದು ಅಲೆಯುವುದು. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲೇ ನೋಡಬಹುದು.

ಖಾತೆಯಿಂದ ನಮಗೆ ತಿಳಿಯದೆ ಹಣ ಹೋದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ತಪ್ಪು ನಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದಿದ್ದಾಗ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬೀಳುವುದಿಲ್ಲ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ 10,000 ರೂಪಾಯಿವರೆಗೆ. ಒಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದೇ. ದೂರನ್ನು ಬರಹದಲ್ಲಿ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಬಿಡಿಗಾಸು ಖರ್ಚಿಲ್ಲ, ವಕೀಲರು ಬೇಕಿಲ್ಲ. ಸಹಾಯವಾಣಿ 14448. ಬ್ಯಾಂಕಿನಿಂದ ಬಂದ ಕರೆಯೋ ಅಲ್ಲವೋ ಎಂದು ಅನುಮಾನ ಬಂದರೆ ನಂಬರ್ ನೋಡಿ. ಬ್ಯಾಂಕುಗಳ ವಹಿವಾಟಿನ ಕರೆಗಳಿಗೆ 1600ರಿಂದ ಶುರುವಾಗುವ ಸಂಖ್ಯೆ ಮೀಸಲಾಗಿದೆ. ಬ್ಯಾಂಕುಗಳ ಜಾಲತಾಣದ ವಿಳಾಸವೂ ಈಗ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗುತ್ತದೆ.

ಖಾತೆ ತೆರೆಯುವ ದಿನವೇ ನಾಮಿನಿ ಹೆಸರು ಬರೆಸಿ, ಅದು ಪಾಸ್‌ಬುಕ್ಕಿನಲ್ಲಿ ಅಚ್ಚಾಗಿದೆಯೇ ನೋಡಿ. 2025ರ ನವೆಂಬರ್ 1ರಿಂದ ನಾಲ್ವರನ್ನು ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಸಬಹುದು. ಸಂಸಾರದ ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ನಡೆಸಬಹುದಾದ ರೀತಿಯದಾಗಿರಲಿ. ಆಗ ಒಬ್ಬರು ಆಸ್ಪತ್ರೆಯಲ್ಲಿದ್ದರೂ ಇನ್ನೊಬ್ಬರ ಕೈ ಕಟ್ಟಿಹಾಕಿದಂತಾಗುವುದಿಲ್ಲ.

ಬ್ಯಾಂಕು ಬದಲಿಸುವವರು ಅವಸರ ಮಾಡಬಾರದು. ಮೊಬೈಲ್ ನಂಬರಿನಂತೆ ಖಾತೆ ಸಂಖ್ಯೆಯನ್ನು ಜೊತೆಗೆ ಒಯ್ಯಲು ಬರುವುದಿಲ್ಲ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಕೋಡುಗಳು 2021ರ ಜುಲೈ 1ರಿಂದ ನಿಂತಾಗ, ಕೋಡು ಬದಲಿಸಲು ಮರೆತವರಿಗೆ ಹಣ ಬರುವುದು ತಡವಾಯಿತು. ಸಾಲದ ಕಂತು, ವಿಮೆ, ಎಸ್‌ಐಪಿ, ಕರೆಂಟ್ ಬಿಲ್, ಪಿಎಫ್, ಆದಾಯ ತೆರಿಗೆ ರೀಫಂಡ್ ಯಾವ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ಗುರುತು ಹಾಕಿಕೊಳ್ಳಿ. ಒಂದೊಂದನ್ನೇ ಹೊಸ ಖಾತೆಗೆ ಸಾಗಿಸಿ. ಹಳೆಯದರಲ್ಲಿ ಎರಡು ತಿಂಗಳು ಸ್ವಲ್ಪ ಹಣ ಬಿಟ್ಟು ನೋಡಿ, ಮರೆತದ್ದು ಏನಾದರೂ ಇದ್ದರೆ ಅಷ್ಟರಲ್ಲಿ ಹೊರಬರುತ್ತದೆ. ಆಮೇಲೆ ಹೋಮ್ ಬ್ರಾಂಚಿಗೆ ಹೋಗಿ ಉಳಿದ ಚೆಕ್ ಹಾಳೆಗಳನ್ನೂ ಕಾರ್ಡನ್ನೂ ಒಪ್ಪಿಸಿ ಮುಚ್ಚುವ ಅರ್ಜಿ ಕೊಡಿ. ತೆರೆದು ವರ್ಷ ತುಂಬದ ಖಾತೆಗೆ ಹಲವು ಬ್ಯಾಂಕುಗಳು ಮುಚ್ಚುವ ಶುಲ್ಕ ಹಾಕುತ್ತವೆ, ಮೊದಲೇ ಕೇಳಿಕೊಳ್ಳಿ. ಖಾತೆ ಮುಚ್ಚಿದೆ ಎಂಬ ಪತ್ರವನ್ನು ಸೀಲು ಹಾಕಿಸಿ ಕೈಗೆ ತೆಗೆದುಕೊಂಡೇ ಹೊರಗೆ ಬನ್ನಿ.